ಉಂಗುರ ತೆಗೆದಿಡವ್ವ, ಕೈ ಇರಲಿ

ಪಾದರಸಕ್ಕೆ ವಾಸನೆಯಿಲ್ಲ. ಅದಕ್ಕೇ ಅದು ಬಚಾವಾಗಿದೆ.

ವಾಸನೆ ಇದ್ದಿದ್ದರೆ ಇಷ್ಟೊತ್ತಿಗೆ ಹುಮನಾಬಾದಿನಲ್ಲಿ ಒಂದು ಧರಣಿ ಆಗಿರುತ್ತಿತ್ತು. ತಹಶೀಲ್ದಾರರಿಗೆ ಮನವಿ ಹೋಗಿರುತ್ತಿತ್ತು. ಮನವಿ ಕೊಡುವ ಫೋಟೊ ಮರುದಿನ ಜಿಲ್ಲಾ ಪುಟದಲ್ಲಿ ಬಂದಿರುತ್ತಿತ್ತು. ಅಲ್ಲಿನ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳ ನಾತ ರಾತ್ರಿ ಗಾಳಿಗೆ ಬಂದಾಗಲೆಲ್ಲ ನಮಗೆ ಪರಿಸರ ನೆನಪಾಗುತ್ತದೆ. ಮೂಗು ಮುಚ್ಚಿಕೊಳ್ಳುತ್ತೇವೆ. ಸರ್ಕಾರವನ್ನು ಬೈಯುತ್ತೇವೆ. ಸರಿಯಾಗಿಯೇ ಬೈಯುತ್ತೇವೆ.

ಬೈದು ಮುಗಿಸಿ, ಹಲ್ಲು ನೋವೆಂದು ಬಸ್‌ಸ್ಟ್ಯಾಂಡ್ ಕಡೆಯ ಕ್ಲಿನಿಕ್ಕಿಗೆ ಹೋಗುತ್ತೇವೆ. ಅಲ್ಲಿ ಎಸಿ ಇದೆ. ಲವಂಗದೆಣ್ಣೆಯ ಪರಿಮಳ ಇದೆ. ಸ್ವಚ್ಛ ಎನಿಸುತ್ತದೆ. ಮೂಲೆಯ ಕಟ್ಟೆಯ ಹತ್ತಿರ ಒಬ್ಬ ಹುಡುಗಿ ಬೆಳ್ಳಿಪುಡಿಗೆ ಪಾದರಸ ಸುರಿದು ಅರೆಯುತ್ತಿರುತ್ತಾಳೆ. ನಮ್ಮ ಬಾಯಿ ಅಗಲವಾಗಿ ತೆರೆದಿರುತ್ತದೆ. ಮಾತು ಮಾತ್ರ ಬರುವುದಿಲ್ಲ.

ಇಲ್ಲಿನವರು ಅದಕ್ಕೆ ಬೆಳ್ಳಿ ತುಂಬಿಸುವುದು ಎನ್ನುತ್ತಾರೆ. ಚಾಂದಿ ಅಂದರೂ ನಡೆಯುತ್ತದೆ. ತೂಕಕ್ಕೆ ಹಾಕಿದರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಪಾದರಸ. ಉಳಿದ ಅರ್ಧವನ್ನು ಬೆಳ್ಳಿ, ತವರ, ತಾಮ್ರ ಹಂಚಿಕೊಂಡಿವೆ. ಅಗ್ಗ. ಗಟ್ಟಿ. ವರ್ಷಗಟ್ಟಲೆ ಬಾಳುತ್ತದೆ. ಬಿಲ್ಲು ನೋಡಿ ರೋಗಿ ಹಲ್ಲು ಕಡಿಯುವುದಿಲ್ಲ. ಇಷ್ಟು ಗುಣವಿರುವ ವಸ್ತುವಿನ ಮೇಲೆ ಅನುಮಾನ ಪಡುವುದು ಸಭ್ಯರ ಲಕ್ಷಣವಲ್ಲ.

ಅಪ್ಪಿತಪ್ಪಿ ರೋಗಿ ಅನುಮಾನ ಪಟ್ಟರೆ ಉತ್ತರ ಸಿದ್ಧವಿದೆ. ಹಲ್ಲಿನೊಳಗೆ ಕೂತು ಗಟ್ಟಿಯಾದ ಮೇಲೆ ಅದು ಬಿಡುವ ಪಾದರಸ ತೀರಾ ಕಡಿಮೆ, ಹೆದರಬೇಡಿ. ನಿಜವೇ. ಗಟ್ಟಿಯಾಗುವ ಮುಂಚೆ ಅದು ಎಲ್ಲಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅವಳ ಅಂಗೈಯಲ್ಲಿತ್ತು.

ಹಳೆಯ ಕ್ರಮ ಹೀಗಿದೆ. ಸಣ್ಣ ಪ್ಲಾಸ್ಟಿಕ್ ಬಾಟಲಿಯಿಂದ ಪಾದರಸದ ಹನಿ. ಗಾಜಿನ ಕಲಬತ್ತಿನಲ್ಲಿ ಬೆಳ್ಳಿಪುಡಿ. ಎರಡನ್ನೂ ಅರೆಯಬೇಕು. ಮುದ್ದೆಯಾದ ಮೇಲೆ ಬಟ್ಟೆಯ ತುಂಡಿನಲ್ಲಿ ಕಟ್ಟಿ, ಹೆಚ್ಚಾದ ಪಾದರಸವನ್ನು ಬೆರಳಿನಿಂದ ಹಿಂಡಿ ತೆಗೆಯಬೇಕು. ಅಂಗೈಯಲ್ಲಿ ಒಮ್ಮೆ ಹೊಸೆದರೆ ಇನ್ನೂ ಮೃದು. ಇದನ್ನು ಯಂತ್ರದಲ್ಲಿ ಮಾಡಬಹುದು. ಅಳತೆ ಮಾಡಿ ಮುಚ್ಚಿದ ಕ್ಯಾಪ್ಸೂಲು ಬರುತ್ತದೆ, ಯಂತ್ರಕ್ಕಿಟ್ಟರೆ ಅದೇ ಕುಲುಕುತ್ತದೆ. ಕೈ ಮುಟ್ಟುವುದಿಲ್ಲ. ಆದರೆ ಕ್ಯಾಪ್ಸೂಲಿಗೆ ದುಡ್ಡು ಕೊಡಬೇಕು. ಹುಡುಗಿಗೂ ಕೊಡಬೇಕು, ಅದು ಬೇರೆ ಲೆಕ್ಕ. ಅವಳು ಕಸವನ್ನೂ ಗುಡಿಸುತ್ತಾಳೆ, ಚಹಾವನ್ನೂ ತರುತ್ತಾಳೆ. ಕ್ಯಾಪ್ಸೂಲು ಚಹಾ ತರುವುದಿಲ್ಲ.

ಕೆಲಸಕ್ಕೆ ಸೇರಿದ ದಿನವೇ ಅವಳಿಗೆ ಸುರಕ್ಷತಾ ತರಬೇತಿ ಸಿಗುತ್ತದೆ.

‘ಉಂಗುರ ತೆಗೆದಿಡವ್ವ. ಪಾರಾ ಹತ್ತಿದ್ರ ಬಂಗಾರ ಕೆಡ್ತದ.’

ತರಬೇತಿ ಮುಗಿಯಿತು. ಇದರಲ್ಲಿ ಸುಳ್ಳೇನಿಲ್ಲ. ಪಾದರಸ ತಾಗಿದರೆ ಬಂಗಾರ ಬೆಳ್ಳಗಾಗುತ್ತದೆ. ಹಾಗಾಗಿ ಉಂಗುರ ಪರ್ಸಿಗೆ ಹೋಗುತ್ತದೆ, ಬೆರಳು ಕೆಲಸಕ್ಕೆ ಹೋಗುತ್ತದೆ. ಬಂಗಾರದ ಇವತ್ತಿನ ರೇಟು ನೋಡಿದರೆ ಇದನ್ನು ತಪ್ಪೆನ್ನುವಂತಿಲ್ಲ.

ಪಾದರಸದ ಗುಣವೇ ವಿಚಿತ್ರ. ನುಂಗಿದರೆ ಹೊಟ್ಟೆ ಅದನ್ನು ಹೆಚ್ಚುಕಡಿಮೆ ಹಾಗೆಯೇ ಹೊರಗೆ ಹಾಕುತ್ತದೆ. ಉಸಿರಿನಲ್ಲಿ ಹೋದರೆ ಕತೆ ಬೇರೆ. ಒಳಗೆ ಎಳೆದುಕೊಂಡ ಆವಿಯಲ್ಲಿ ಸುಮಾರು ಶೇ 80ರಷ್ಟನ್ನು ಶ್ವಾಸಕೋಶ ಇಟ್ಟುಕೊಂಡು ರಕ್ತಕ್ಕೆ ದಾಟಿಸುತ್ತದೆ. ಅಲ್ಲಿಂದ ಮೆದುಳು, ಮೂತ್ರಪಿಂಡ. ಕುದಿಸುವುದೂ ಬೇಕಿಲ್ಲ, ಕೋಣೆಯ ಸಾಮಾನ್ಯ ಶಾಖದಲ್ಲೇ ಅದು ಆವಿಯಾಗುತ್ತಿರುತ್ತದೆ. ಶಾಖ ಏರಿದಷ್ಟೂ ಆವಿ ಹೆಚ್ಚು. ಬೀದರ ಜಿಲ್ಲೆಯ ಮೇ ತಿಂಗಳ ಬಗ್ಗೆ ನಾನು ಹೇಳಬೇಕಿಲ್ಲ. ಲೈಟು ಹೋದರೆ ಎಸಿ ನಿಲ್ಲುತ್ತದೆ. ಪಾದರಸ ನಿಲ್ಲುವುದಿಲ್ಲ.

ಲೈಟು ಇದ್ದಾಗಲಾದರೂ ಏನು? ಗೋಡೆಯ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಕಿಟಕಿ ತೆರೆದರೆ ತಂಪು ಹೋಗುತ್ತದೆ. ಎಕ್ಸಾಸ್ಟ್ ಫ್ಯಾನ್ ಇಲ್ಲವೇ? ಇದೆ. ಸಂಡಾಸಿನಲ್ಲಿದೆ.

ರೋಗಿ ಅರ್ಧ ಗಂಟೆ ಕೂತು ಎದ್ದು ಹೋಗುತ್ತಾನೆ. ಅವಳು ಬೆಳಿಗ್ಗೆ ಬಾಗಿಲು ತೆರೆದು ರಾತ್ರಿ ಶಟರ್ ಎಳೆಯುವವರೆಗೆ ಅಲ್ಲೇ. ಮಧ್ಯಾಹ್ನದ ರೊಟ್ಟಿ ಗಂಟನ್ನೂ ಅದೇ ಕಟ್ಟೆಯ ತುದಿಯಲ್ಲಿ ಬಿಚ್ಚುತ್ತಾಳೆ. ಪಾದರಸದ ಹನಿ ನೆಲಕ್ಕೆ ಬಿದ್ದರೆ ಫರಸಿಯ ಸಂದಿಗೆ ಸೇರುತ್ತದೆ. ಕಸಬರಿಗೆ ತಂದು ಗುಡಿಸುತ್ತಾಳೆ. ಪಾದರಸವನ್ನು ಗುಡಿಸಬಾರದು. ಗುಡಿಸಿದರೆ ಒಂದು ಹನಿ ನೂರಾಗಿ ಇನ್ನಷ್ಟು ಆವಿಯಾಗುತ್ತದೆ. ಇದು ದಂತವೈದ್ಯಕೀಯದ ಪಠ್ಯಪುಸ್ತಕದಲ್ಲಿದೆ. ಪಠ್ಯಪುಸ್ತಕ ಡಾಕ್ಟರ ಕಪಾಟಿನಲ್ಲಿದೆ. ಕಸಬರಿಗೆ ಅವಳ ಕೈಯಲ್ಲಿದೆ.

ಅದೇ ಪುಸ್ತಕದಲ್ಲಿ ಇನ್ನೊಂದು ಪಾಠವಿದೆ. ಉಳಿದ ಫಿಲಿಂಗ್ ಚೂರುಗಳನ್ನು ಎಲ್ಲೆಂದರಲ್ಲಿ ಎಸೆಯಬಾರದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಎಕ್ಸ್‌ರೇ ತೊಳೆದ ಹಳೆಯ ಫಿಕ್ಸರ್ ನೀರಿನಡಿ ಮುಳುಗಿಸಿಡಬೇಕು. ಆವಿ ಹೊರಗೆ ಬರಬಾರದಲ್ಲ! ಕಸಕ್ಕೆ ಇಷ್ಟು ಮರ್ಯಾದೆ ಇದೆ. ಅದಕ್ಕೆ ಮುಚ್ಚಳ, ಅದರ ಮೇಲೆ ನೀರು, ಡಬ್ಬಿಯ ಮೇಲೆ ಚೀಟಿ. ಕಸ ಮಾಡಿದ ಕೈಗೆ ಒಂದು ಜೊತೆ ಗ್ಲೌಸು. ಅದೂ ನಿನ್ನೆಯದು.

ಡಾಕ್ಟರ್ ಸಾಬರನ್ನು ಕೇಳಿ ನೋಡಿ. ‘ಏನೂ ಆಗಂಗಿಲ್ರಿ. ಇಪ್ಪತ್ತು ವರ್ಷದಿಂದ ಮಾಡ್ಲತ್ತೀನಿ. ನನಗೇನಾಗ್ಯದ?’ ಎನ್ನುತ್ತಾರೆ. ಹೇಳುವಾಗ ಸಿಟ್ಟು ಬರುತ್ತದೆ. ಕಾರಣವಿಲ್ಲದ ಸಿಟ್ಟು ಪಾದರಸದ ವಿಷದ ಲಕ್ಷಣಗಳಲ್ಲೊಂದು. ನಿದ್ದೆಗೇಡು, ಕೈನಡುಕ, ಒಸಡಿನ ಊತ, ಮರೆವು ಉಳಿದವು. ಓದಿದ್ದು ಮರೆತಿರುವುದನ್ನು ಇದಕ್ಕೆ ಸೇರಿಸಬೇಕೋ ಬೇಡವೋ, ತಜ್ಞರೇ ಹೇಳಬೇಕು. ಒಂದು ಮಾತು ಒಪ್ಪಬೇಕು: ಅವರು ಉಸಿರಾಡುವುದೂ ಅದೇ ಗಾಳಿ. ವಿಷದಲ್ಲಿ ಪಾಲು ಕೊಡುವ ಮಾಲೀಕರು ಈ ದೇಶದಲ್ಲಿ ಅಪರೂಪ. ಪಗಾರದಲ್ಲಿ ಪಾಲು ಕೇಳಬೇಡಿ.

ಏನೂ ಆಗುವುದಿಲ್ಲ ಎಂಬುದಕ್ಕೆ ಪುರಾವೆ ಬೇಕೇ? 1969ರಲ್ಲಿ ಬ್ರಿಟಿಷ್ ಡೆಂಟಲ್ ಜರ್ನಲ್ ಒಂದು ವರದಿ ಪ್ರಕಟಿಸಿತು. ಹಲ್ಲಿನ ಕ್ಲಿನಿಕ್ಕಿನ ಸಹಾಯಕಿಯೊಬ್ಬಳು ಪಾದರಸದ ವಿಷದಿಂದ ಸತ್ತಿದ್ದಳು. 1969! ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷ. ಅವತ್ತಿನಿಂದ ಇವತ್ತಿನವರೆಗೆ ಸುದ್ದಿ ಲಂಡನ್ನಿನಿಂದ ಬಸವಕಲ್ಯಾಣಕ್ಕೆ ಬಂದಿಲ್ಲ. ಹೊಸ ಮಾದರಿಯ ಡೆಂಟಲ್ ಚೇರು ಮಾತ್ರ ಬಂದಿದೆ.

1994ರಲ್ಲಿ ಕ್ಯಾಲಿಫೋರ್ನಿಯಾದ ದಂತ ಸಹಾಯಕಿಯರ ಮೇಲಿನ ಅಧ್ಯಯನ ಬಂತು. ವಾರಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಫಿಲಿಂಗ್ ಕಲಸುತ್ತಿದ್ದ, ಪಾದರಸದ ಬಗ್ಗೆ ಎಚ್ಚರವಿಲ್ಲದ ಜಾಗದಲ್ಲಿ ದುಡಿಯುತ್ತಿದ್ದ ಹೆಂಗಸರು ಒಂದು ತಿಂಗಳಲ್ಲಿ ಬಸಿರಾಗುವ ಸಾಧ್ಯತೆ, ಪಾದರಸ ಮುಟ್ಟದವರಿಗೆ ಹೋಲಿಸಿದರೆ ಶೇ 63ರಷ್ಟೇ ಇತ್ತು. ನಮ್ಮಲ್ಲಿ ಹಾಗಾದರೆ ಮಾಡುವುದೇ ಬೇರೆ. ಅತ್ತೆ ಹರಕೆ ಹೊರುತ್ತಾಳೆ. ನಾದಿನಿ ಜಾತಕ ಕೇಳುತ್ತಾಳೆ. ಗಂಡ ಇನ್ನೊಂದು ಮದುವೆಯ ಮಾತೆತ್ತುತ್ತಾನೆ. ಮದುವೆಗೆ ಮುಂಚೆ ಏನು ಕೆಲಸ ಮಾಡುತ್ತಿದ್ದೆ ಎಂದು ಕೇಳುವುದಿಲ್ಲ. ಕೇಳಿದರೂ ‘ದವಾಖಾನ್ಯಾಗ’ ಎಂಬ ಉತ್ತರ ಗೌರವದ್ದಾಗಿಯೇ ಕೇಳಿಸುತ್ತದೆ.

ಈಗ ಜಗತ್ತಿನ ಜಾಣತನಕ್ಕೆ ಬರೋಣ.

ಪಾದರಸದ ಮೇಲೆ ಒಂದು ಅಂತಾರಾಷ್ಟ್ರೀಯ ಒಪ್ಪಂದ ಇದೆ. ಜಪಾನಿನ ಮಿನಾಮಾಟ ಊರಿನ ಹೆಸರು ಅದಕ್ಕೆ. ಅಲ್ಲಿ ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸ ಮೀನು ಸೇರಿ, ಮೀನು ತಿಂದ ಜನ ಸೆಟೆದು ಸತ್ತರು. ಒಪ್ಪಂದ 2013ರಲ್ಲಿ ಆಯಿತು, 2017ರಲ್ಲಿ ಜಾರಿಗೆ ಬಂತು. ಭಾರತ 2014ರಲ್ಲಿ ಸಹಿ ಹಾಕಿತು, 2018ರಲ್ಲಿ ಅನುಮೋದಿಸಿತು. ಸಹಿಗೂ ಅನುಮೋದನೆಗೂ ನಡುವೆ ನಾಲ್ಕು ವರ್ಷ. ಪಾದರಸ ಇಷ್ಟು ನಿಧಾನವಾಗಿ ಹರಿದಿದ್ದು ದಾಖಲೆಯಲ್ಲಿ ಇದೊಂದೇ ಸಲ.

2022ರಲ್ಲಿ ಬಾಲಿಯಲ್ಲಿ ಈ ಒಪ್ಪಂದದ ದೇಶಗಳೆಲ್ಲ ಕೂತವು. ಹಲ್ಲಿನ ಫಿಲಿಂಗಿನ ಬಗ್ಗೆ ಎರಡು ಮಾತು ಆಡಿದವು. ಒಂದು, ಬಾಟಲಿಯಿಂದ ಬಿಡಿ ಪಾದರಸ ಸುರಿದು ಬಳಸುವುದು ಬೇಡ. ಚೆನ್ನಾಗಿದೆ. ಇದನ್ನು ಕ್ಲಿನಿಕ್ಕಿಗೆ ಬಂದು ನೋಡುವವರು ಯಾರು ಎಂಬುದನ್ನು ಬಾಲಿಯಲ್ಲಿ ಬಿಟ್ಟು ಬಂದರು. ಇನ್ನೊಂದು, 15 ವರ್ಷದೊಳಗಿನ ಮಕ್ಕಳಿಗೆ, ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಪಾದರಸದ ಫಿಲಿಂಗ್ ಬೇಡ.

ಎರಡನೆಯದನ್ನು ಇನ್ನೊಮ್ಮೆ ಓದಿ. ಕುರ್ಚಿಯಲ್ಲಿ ಮಲಗಿದ ಬಸುರಿಗೆ ಅರ್ಧ ಗಂಟೆಯ ಪಾದರಸ ಬೇಡ. ಕುರ್ಚಿಯ ಪಕ್ಕ ನಿಂತ ಬಸುರಿ ದಿನವಿಡೀ ಅದನ್ನು ಕಲಸಲಿ. ಮೊದಲನೆಯವಳು ರೋಗಿ. ಎರಡನೆಯವಳು ಸ್ಟಾಫು. ಹೊಟ್ಟೆಯೊಳಗಿನ ಕೂಸಿಗೆ ಈ ವ್ಯತ್ಯಾಸ ತಿಳಿಯುತ್ತದೆ ಎಂದು ಭಾವಿಸಲಾಗಿದೆ.

ಯುರೋಪಿಯನ್ ಒಕ್ಕೂಟ 2025ರ ಜನವರಿಯಿಂದ ಈ ಫಿಲಿಂಗನ್ನೇ ನಿಲ್ಲಿಸಿತು. 2025ರ ನವೆಂಬರಿನಲ್ಲಿ ಒಪ್ಪಂದದ ದೇಶಗಳವರು ಜಿನೀವಾದಲ್ಲಿ ಕೂತು, ಜಗತ್ತಿಗೆಲ್ಲ 2034ಕ್ಕೆ ಮುಕ್ತಾಯ ಎಂದು ಒಪ್ಪಿಕೊಂಡರು. ಚಪ್ಪಾಳೆ. ಒಂದು ವಸ್ತು ವಿಷ ಎಂದು ಒಪ್ಪಿದ ಮೇಲೆ ಅದನ್ನು ಮುಗಿಸಲು ಒಂಬತ್ತು ವರ್ಷ ಬೇಕು. ಅಲ್ಲಿಯವರೆಗೆ ಹಳೆಯ ಸರಕು ಎಲ್ಲಿ ಖಾಲಿಯಾಗಬೇಕು? ಬರ್ಲಿನ್ನಿನಲ್ಲಂತೂ ಅಲ್ಲ. ಭೂಪಟ ತೆಗೆಯಿರಿ. ಮುಂಬೈ–ಹೈದರಾಬಾದ್ ಹೆದ್ದಾರಿಯ ಮೇಲೆ ಬೆರಳಾಡಿಸಿ.

ಇಲ್ಲಿ ಕಾನೂನು ಇಲ್ಲವೇ? ಯಾಕಿಲ್ಲ! ರಾಶಿ ಇದೆ.

1948ರ ಕಾರ್ಖಾನೆ ಕಾಯ್ದೆ ಪಾದರಸದ ವಿಷವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕಾದ ಕಾಯಿಲೆಗಳ ಪಟ್ಟಿಯಲ್ಲಿಟ್ಟಿತ್ತು. ಅದಕ್ಕೂ ಮುಂಚಿನ 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲೂ ಕಸುಬಿನ ರೋಗಗಳ ಪಟ್ಟಿಯಲ್ಲಿ ಪಾದರಸ ಕೂತಿತ್ತು. ಪಟ್ಟಿಗಳಲ್ಲಿ ನಾವು ಯಾವತ್ತೂ ಮುಂದು. ಆದರೆ ಕಾರ್ಖಾನೆ ಎನಿಸಿಕೊಳ್ಳಲು ಕರೆಂಟು ಬಳಸುವ ಕಡೆ ಹತ್ತು ಮಂದಿ ಕೆಲಸಗಾರರು ಇರಬೇಕಿತ್ತು. ಕ್ಲಿನಿಕ್ಕಿನಲ್ಲಿರುವುದು ಇಬ್ಬರು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂದು ಈ ಹತ್ತನ್ನು ಇಪ್ಪತ್ತು ಮಾಡಿತು. ಸುಧಾರಣೆ ಎಂದರೆ ಇದು. ಇಎಸ್‌ಐಗೂ ಹತ್ತು ಮಂದಿ ಬೇಕು.

ಅಂದರೆ ಕಾನೂನು ಮೊದಲು ತಲೆ ಎಣಿಸುತ್ತದೆ, ಆಮೇಲೆ ವಿಷ ಅಳೆಯುತ್ತದೆ. ಪಾದರಸಕ್ಕೆ ಈ ಶಿಸ್ತು ಬಂದಿಲ್ಲ. ಹಾಜರಿ ಪುಸ್ತಕ ನೋಡದೆಯೇ ಒಳಗೆ ಹೋಗಿಬಿಡುತ್ತದೆ.

ಕ್ಲಿನಿಕ್ಕುಗಳ ನೋಂದಣಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಆಸ್ಪತ್ರೆ ಕಸಕ್ಕೆ 2016ರ ನಿಯಮ ಇದೆ. ಹಳದಿ ಚೀಲ, ಕೆಂಪು ಚೀಲ, ಬಿಳಿ ಡಬ್ಬಿ, ನೀಲಿ ಡಬ್ಬಿ. ಇನ್‌ಸ್ಪೆಕ್ಷನ್ನಿಗೆ ಬಂದವರು ಚೀಲಗಳ ಬಣ್ಣ ನೋಡುತ್ತಾರೆ. ಚೀಲ ಹಿಡಿದವಳ ಬಣ್ಣ ಯಾರ ನಮೂನೆಯಲ್ಲೂ ಇಲ್ಲ.

ಕಾಯಿಲೆ ಬಂದರೆ ಸಾಬೀತು ಮಾಡಬೇಕಲ್ಲ, ಅದಕ್ಕೆ ಮೂತ್ರದಲ್ಲಿ ಪಾದರಸ ಅಳೆಯಬೇಕು. ಆ ಪರೀಕ್ಷೆಯ ಹೆಸರನ್ನು ಅವಳಿಗೆ ಹೇಳಿದವರಿಲ್ಲ. ಪಗಾರವನ್ನು ಕೈಗೆ ಎಣಿಸಿ ಕೊಟ್ಟಿರುತ್ತಾರೆ, ರಸೀದಿ ಇಲ್ಲ. ಅವಳು ಅಲ್ಲಿ ಕೆಲಸ ಮಾಡಿದ್ದಳು ಎಂಬುದಕ್ಕೇ ಪುರಾವೆ ಇಲ್ಲ. ಅಲ್ಲಿಂದ ವಿಷ ತಂದಳು ಎಂಬುದಕ್ಕೆ ಎಲ್ಲಿಂದ ತರುವುದು? ಕೊಡೈಕೆನಾಲಿನ ಪಾದರಸದ ಥರ್ಮಾಮೀಟರ್ ಕಾರ್ಖಾನೆಯವರು ನೂರಾರು ಜನ ಒಟ್ಟಿಗಿದ್ದರು. ದೊಡ್ಡ ಕಂಪನಿ, ದೊಡ್ಡ ಗಲಾಟೆ. 2001ರಲ್ಲಿ ಮುಚ್ಚಿದ ಕಾರ್ಖಾನೆಯ 591 ಮಂದಿಗೆ ಪರಿಹಾರದ ಒಪ್ಪಂದ ಆಗಿದ್ದು 2016ರಲ್ಲಿ. ಜೊತೆಗಿದ್ದವರಿಗೇ ಹದಿನೈದು ವರ್ಷ. ಒಬ್ಬಳೇ ಇದ್ದವಳು ಲೆಕ್ಕ ಹಾಕಿಕೊಳ್ಳಲಿ.

ಪಾದರಸದ ಕತೆ ಹೇಳಿದರೆ ಕೆಲವು ಡಾಕ್ಟರರು ನಗುತ್ತಾರೆ. ‘ನಾವು ಅದನ್ನ ಯಾವಾಗೋ ಬಿಟ್ಟೀವ್ರಿ. ಈಗ ಎಲ್ಲಾ ಬಿಳಿ ಸಿಮೆಂಟು.’ ಬಿಟ್ಟವರು ಇದ್ದಾರೆ, ಸಂತೋಷ. ಆರೋಗ್ಯಕ್ಕಾಗಿ ಬಿಟ್ಟರೋ, ಬಿಳಿಯದರಲ್ಲಿ ಲಾಭ ಹೆಚ್ಚೆಂದು ಬಿಟ್ಟರೋ ಕೇಳಬಾರದು. ಆದರೆ ಬಿಳಿ ಹಾಕಲು ಮೊದಲು ಹಳೆಯ ಬೆಳ್ಳಿಯನ್ನು ಕೊರೆದು ತೆಗೆಯಬೇಕು. ಪಾದರಸದ ಆವಿ ಜೋರಾಗಿ ಏಳುವುದು ಆಗಲೇ. ಮದುವೆ ಫೋಟೊದಲ್ಲಿ ಕಪ್ಪು ಹಲ್ಲು ಕಾಣಬಾರದೆಂದು ಸಾವುಕಾರ ಬರುತ್ತಾನೆ, ಡ್ರಿಲ್ಲು ತಿರುಗುತ್ತದೆ, ಸಕ್ಷನ್ ಹಿಡಿದು ಬಾಗಿದವಳ ಮೂಗು ಅವನ ಬಾಯಿಯಿಂದ ಒಂದು ಗೇಣು. ಅವನ ನಗುವಿನ ಖರ್ಚಿನಲ್ಲಿ ಅವಳದೂ ಪಾಲಿದೆ. ಇನ್ನು ಆ ಬಿಳಿ ಸಿಮೆಂಟಿನಲ್ಲಿರುವ ಮೆಥಾಕ್ರಿಲೇಟುಗಳು ಸಾಮಾನ್ಯ ರಬ್ಬರ್ ಗ್ಲೌಸನ್ನು ಕೆಲವೇ ನಿಮಿಷಗಳಲ್ಲಿ ದಾಟಿ ಚರ್ಮ ಸೇರುತ್ತವೆ. ಬೆರಳ ತುದಿ ಒಡೆಯುತ್ತದೆ, ತುರಿಸುತ್ತದೆ. ‘ಸಾಬಾಣ ಬದಲ್ ಮಾಡು’ ಎನ್ನುತ್ತಾರೆ.

ಇಷ್ಟು ಮುಂದಿನ ಕೋಣೆಯ ಮಾತು. ಹಿಂದಿನ ಕೋಣೆಗೆ ಬನ್ನಿ. ಅಥವಾ ಬೇರೆ ಓಣಿಗೆ, ಬೇರೆ ಊರಿಗೆ. ಹಲ್ಲಿನ ಸೆಟ್ಟು, ಕ್ಯಾಪು ಮಾಡುವವರು ರೋಗಿಯ ಕಣ್ಣಿಗೆ ಬೀಳುವುದಿಲ್ಲ. ಬಾಯಿಯ ಅಚ್ಚು ಡಬ್ಬಿಯಲ್ಲಿ ಕೂತು ಬಸ್ಸಿನಲ್ಲಿ ಕಲಬುರಗಿಗೋ ಹೈದರಾಬಾದಿಗೋ ಹೋಗುತ್ತದೆ. ಹಲ್ಲು ವಾಪಸ್ ಬರುತ್ತದೆ. ನಡುವೆ ಯಾರೋ ಒಬ್ಬ ಮಾಡಿರುತ್ತಾನೆ.

ಆ ಯಾರೋ ಒಬ್ಬನಿಗೆ 1948ರ ದಂತವೈದ್ಯರ ಕಾಯ್ದೆ ಡೆಂಟಲ್ ಮೆಕ್ಯಾನಿಕ್ ಎಂದು ಹೆಸರಿಟ್ಟಿತು. ಬಸವಕಲ್ಯಾಣದವರಿಗೆ ಮೆಕ್ಯಾನಿಕ್ಕು ಹೊಸಬನೇನಲ್ಲ. ಸಸ್ತಾಪುರ ಬಂಗ್ಲಾದ ಆಟೊನಗರದಲ್ಲಿ ಲಾರಿ ಬಿಚ್ಚಿ ಕಟ್ಟುವವರನ್ನು ದಿನಾ ನೋಡುತ್ತೇವೆ. ಅವರ ಮೈತುಂಬ ಎಣ್ಣೆ ಮಸಿ, ಬಯಲಿನ ಗಾಳಿ. ಈತನ ಮೈತುಂಬ ಬಿಳಿ ಪುಡಿ, ಶಟರ್ ಅರ್ಧ ಎಳೆದ ಹತ್ತಡಿ ಕೋಣೆ. ಲಾರಿಯವನಿಗಿಂತ ಈತ ಸ್ವಚ್ಛವಾಗಿ ಕಾಣುತ್ತಾನೆ. ಕಾಣಲಿ.

ಆ ಪುಡಿಯಲ್ಲಿ ಏನಿದೆ? ಲೋಹದ ಕ್ಯಾಪು ಎರಕ ಹೊಯ್ಯುವ ಅಚ್ಚಿನ ಪುಡಿಯಲ್ಲಿ ಸಿಲಿಕಾ ಇದೆ. ಎರಕ ಒಡೆದಾಗ, ಮರಳು ಊದಿ ಉಜ್ಜಿದಾಗ ಅದು ಗಾಳಿಗೇಳುತ್ತದೆ. ಕಲ್ಲು ಕ್ವಾರಿಯವರ ಎದೆ ತಿನ್ನುವ ಸಿಲಿಕೋಸಿಸ್ ಕಾಯಿಲೆ ಇದರದೇ. ಅಮೆರಿಕದ ಐದು ರಾಜ್ಯಗಳಲ್ಲಿ 1994ರಿಂದ 2000ದವರೆಗೆ ಡೆಂಟಲ್ ಲ್ಯಾಬಿನವರಿಗೇ ಈ ಕಾಯಿಲೆ ಬಂದ ಒಂಬತ್ತು ಪ್ರಕರಣಗಳನ್ನು ಅಲ್ಲಿನ ಸರ್ಕಾರಿ ರೋಗನಿಯಂತ್ರಣ ಕೇಂದ್ರ 2004ರಲ್ಲಿ ಪ್ರಕಟಿಸಿತು. ಕೆಲವು ಅಗ್ಗದ ನಿಕಲ್–ಕ್ರೋಮಿಯಂ ಲೋಹಗಳಲ್ಲಿ ಬೆರಿಲಿಯಂ ಇರುತ್ತದೆ. ಎರಕ ಚೆನ್ನಾಗಿ ಹರಿಯಲೆಂದು ಹಾಕುತ್ತಾರೆ. ಉಜ್ಜುವಾಗ ಏಳುವ ಅದರ ಧೂಳು ಶ್ವಾಸಕೋಶವನ್ನು ಕೆಡಿಸುತ್ತದೆ. ಬೆರಿಲಿಯಂ, ಸಿಲಿಕಾ ಧೂಳು ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ 1990ರ ದಶಕದಲ್ಲೇ ಸೇರಿಸಿದೆ. ಹಲ್ಲಿನ ಸೆಟ್ಟಿಗೆ ಬಳಸುವ ಕೋಲ್ಡ್ ಕ್ಯೂರ್ ದ್ರವದ ಘಾಟು ಬೇರೆ. ಇದಕ್ಕೆ ವಾಸನೆ ಇದೆ. ಇದ್ದೂ ಪ್ರಯೋಜನವಿಲ್ಲ, ಮೂಸುವವನು ಅವನೊಬ್ಬನೇ.

ಡಾಕ್ಟರರಿಗೆ ಇದರಿಂದ ವಿನಾಯಿತಿ ಇದೆ ಅಂದುಕೊಳ್ಳಬೇಡಿ. ವರ್ಜೀನಿಯಾದ ಒಂದು ಆಸ್ಪತ್ರೆಯಲ್ಲಿ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಗೆ 1996ರಿಂದ 2017ರವರೆಗೆ ಚಿಕಿತ್ಸೆ ಪಡೆದ 894 ಮಂದಿಯಲ್ಲಿ ಎಂಟು ಜನ ದಂತವೈದ್ಯರು, ಒಬ್ಬ ಲ್ಯಾಬ್ ಟೆಕ್ನಿಷಿಯನ್. ಒಂಬತ್ತರಲ್ಲಿ ಏಳು ಮಂದಿ ಸತ್ತರು. ಕಾರಣ ಇದೇ ಎಂದು ಸಾಬೀತಾಗಿಲ್ಲ, ಕಸುಬಿನ ಧೂಳಿನ ಮೇಲೆ ಅನುಮಾನ. ಸಾಬೀತಾಗಿಲ್ಲ ಎಂಬ ಅರ್ಧ ವಾಕ್ಯವನ್ನು ನಮ್ಮವರು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ.

ಎಕ್ಸ್‌ರೇ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಟನ್ ಒತ್ತುವ ಮುಂಚೆ ಕೆಲವರು ಕೋಣೆಯಿಂದ ಹೊರಗೆ ಹೋಗುತ್ತಾರೆ. ರೋಗಿಯ ಬಾಯಲ್ಲಿ ಫಿಲ್ಮ್ ಜಾರದಂತೆ ಬೆರಳಲ್ಲಿ ಹಿಡಿದವಳು ಒಳಗೆ ಉಳಿಯುತ್ತಾಳೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯಲ್ಲಿ ಯಂತ್ರವನ್ನು ನೋಂದಾಯಿಸಬೇಕು ಎಂಬ ನಿಯಮವಿದೆ. ಯಂತ್ರಕ್ಕೆ ನಂಬರು ಸಿಗುತ್ತದೆ.

ಇಷ್ಟೆಲ್ಲ ನಡೆಯುವುದು ಯಾವ ಊರಲ್ಲಿ? ಕಾಯಕದ ರಾಜಧಾನಿ ಬಸವಕಲ್ಯಾಣದಲ್ಲಿ. 108 ಅಡಿಯ ಬಸವಣ್ಣ ಇಲ್ಲಿ ಕೂತಿದ್ದಾನೆ. ಚಪ್ಪಲಿ ಹೊಲಿಯುವ ಹರಳಯ್ಯ, ಬಟ್ಟೆ ಒಗೆಯುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ ಮಂತ್ರಿಯ ಎದುರು ಕೂತು ಮಾತಾಡಿದ ಊರಿದು. 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ನಕ್ಷೆಯಲ್ಲಿ 770 ಕಂಬ. ನೂರಾರು ಕೋಟಿ. ಪ್ರತಿ ಉತ್ಸವದಲ್ಲೂ ದುಡಿಯುವ ಕೈಗಳ ಹಿರಿಮೆಯ ಮೇಲೆ ಭಾಷಣ. ಭಾಷಣ ಮಾಡುವವರ ಹಲ್ಲು ಬೆಳ್ಳಗೆ ಹೊಳೆಯುತ್ತವೆ. ಆ ಹಲ್ಲು ಉಜ್ಜಿ ಹೊಳೆಸಿದ ಕೈಗೆ ವೇದಿಕೆಯ ಪಾಸು ಸಿಕ್ಕಿಲ್ಲ.

ನಾವು, ಮುಂದಿನ ಸಾಲಿನ ಕುರ್ಚಿಯವರು, ಏನು ಕಡಿಮೆ? ಗುಟ್ಕಾ 2013ರಲ್ಲೇ ನಿಷೇಧವಾಗಿದೆ. ಪಾನ್ ಮಸಾಲೆಯದೊಂದು ಚೀಟಿ, ತಂಬಾಕಿನದೊಂದು ಚೀಟಿ ಕೊಂಡು ಅಂಗೈಯಲ್ಲೇ ಗುಟ್ಕಾ ಕಾರ್ಖಾನೆ ನಡೆಸುತ್ತೇವೆ. ಹಲ್ಲು ಹಾಳುಮಾಡಿಕೊಂಡು ಹೋಗಿ ಕುರ್ಚಿಯಲ್ಲಿ ಕೂರುತ್ತೇವೆ. ಸೂಜಿ ಹೊಸದೇ ಎಂದು ಎರಡು ಸಲ ಕೇಳುತ್ತೇವೆ. ಬಿಲ್ಲಿನಲ್ಲಿ ನೂರು ರೂಪಾಯಿ ಬಿಡಿಸಿಕೊಳ್ಳುತ್ತೇವೆ. ಆ ನೂರು ಎಲ್ಲಿಂದ ಕಡಿತವಾಗುತ್ತದೆ ಎಂಬುದು ನಮಗೆ ಸಂಬಂಧಿಸಿದ್ದಲ್ಲ. ಗ್ಲೌಸಿನಿಂದ ಆಗುತ್ತದೆ.

ಬೇಕಾಗಿರುವುದು ಏನು ಮಹಾ? ಬಾಟಲಿ ಬಿಟ್ಟು ಕ್ಯಾಪ್ಸೂಲು. ಕಟ್ಟೆಯ ಮೇಲೊಂದು ಹೊರಗೆ ಗಾಳಿ ಎಳೆಯುವ ಫ್ಯಾನು. ಲ್ಯಾಬಿನಲ್ಲಿ ಧೂಳು ಎಳೆಯುವ ಯಂತ್ರ, ಸರಿಯಾದ ಮಾಸ್ಕು. ವರ್ಷಕ್ಕೊಮ್ಮೆ ಮೂತ್ರ ಪರೀಕ್ಷೆ. ಇವನ್ನು ಮಾಡಿರುವ ಕ್ಲಿನಿಕ್ಕುಗಳು ಇಲ್ಲವೆನ್ನುವುದಿಲ್ಲ. ಅವರಿಗೆ ಈ ಬರಹ ಓದಿ ಕೋಪ ಬರುವುದೂ ಇಲ್ಲ. ಉಳಿದವರ ಬಳಿ ದುಡ್ಡಿಲ್ಲ. ಕಾಯುವ ಕೋಣೆಯಲ್ಲಿ 43 ಇಂಚಿನ ಟಿವಿ ಇದೆ, ಹೊರಗೆ ಮೂರು ಬಣ್ಣದ ಎಲ್‌ಇಡಿ ಬೋರ್ಡು ಇದೆ. ಅದಕ್ಕೇ ದುಡ್ಡಿಲ್ಲ.

2034ರ ಗಡುವಿನ ಬಗ್ಗೆ ಹೇಳಿದರೆ ಬರುವ ಉತ್ತರವೂ ಸಿದ್ಧ. ‘ಅಲ್ಲೀಮಟ ಆ ಹುಡುಗಿ ಎಲ್ಲಿರ್ತಾಳ್ರಿ? ಎರಡು ವರ್ಷಕ್ಕ ಮದಿವಿ ಆಗಿ ಹೋಗ್ತಾಳ.’

ಲೆಕ್ಕ ಪಕ್ಕಾ ಇದೆ. ಅವಳು ಹೋಗುತ್ತಾಳೆ. ಪರ್ಸಿನಲ್ಲಿಟ್ಟಿದ್ದ ಉಂಗುರ ಹಾಕಿಕೊಂಡೇ ಹೋಗುತ್ತಾಳೆ. ಮೂತ್ರಪಿಂಡದ ಲೆಕ್ಕ ಅತ್ತೆಮನೆಗೆ ವರ್ಗಾವಣೆಯಾಗುತ್ತದೆ. ಕ್ಲಿನಿಕ್ಕಿನ ಗಾಜಿನ ಬಾಗಿಲಿಗೆ ಮರುದಿನವೇ ಚೀಟಿ ಬೀಳುತ್ತದೆ: ಕೆಲಸಕ್ಕೆ ಹುಡುಗಿ ಬೇಕು. ಹತ್ತನೇತ್ತೆ ಪಾಸ್ ಅಥವಾ ಫೇಲ್. ಅನುಭವ ಬೇಕಿಲ್ಲ.